ಹಾಲಿನ ಲೆಕ್ಕದ ಕೆಳಗೆ

ಪ್ರತಿ ಜನವರಿಯಲ್ಲಿಯೂ ಯಾರಾದರೊಬ್ಬರು ನಮ್ಮ ಮನೆಗೆ ದಪ್ಪನೆಯ ಡೈರಿಯೊಂದನ್ನು ತಂದುಕೊಡುವುದುಂಟು. ಮೊದಲ ದಿನ ಪುಟ ತುಂಬ ಬರೆಯುತ್ತೇನೆ. ಮೂರನೆಯ ದಿನ ನಾಲ್ಕು ಸಾಲು. ಸಂಕ್ರಾಂತಿಯ ಎಳ್ಳು ಹುರಿಯುವ ಹೊತ್ತಿಗೆ ಲೇಖನಿ ನಿಂತೇಹೋಗಿರುತ್ತದೆ. ಆಮೇಲೆ ಖಾಲಿ ಬಿದ್ದ ತಾರೀಖುಗಳು ಸಾಲ ಕೊಟ್ಟವರಂತೆ ಮುಖ ನೋಡುತ್ತವೆ. ಕಡೆಗೆ ಅದು ಇಸ್ತ್ರಿಯವನ ಲೆಕ್ಕದ ಪುಸ್ತಕವಾಗುತ್ತದೆ. ವಾಚಕರಲ್ಲಿ ಹಲವರ ಮನೆಯ ಕಥೆಯೂ ಇದೇ ಇರಬೇಕು.

ನನ್ನ ತಾಯಿ ಎಂದೂ ಡೈರಿ ಬರೆದವರಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಗುರುತು ಹಾಕುತ್ತಿದ್ದರು, ಅಷ್ಟೆ. ಅವರು ತೀರಿಕೊಂಡ ಮೇಲೆ ಬೀರುವನ್ನು ಶುಚಿಮಾಡುವಾಗ ಅಂತಹ ಎರಡು ಹಾಳೆಗಳು ಕೈಗೆ ಬಂದುವು. 'ಅರ್ಧ ಲೀಟರ್' ಎಂಬುದರ ಕೆಳಗೆ ಸೀಸದಕಡ್ಡಿಯ ಸಣ್ಣ ಅಕ್ಷರಗಳು: 'ಮಳೆ. ಸಂಡಿಗೆ ನೆನೆಯಿತು.' ಇನ್ನೊಂದು ಚೌಕದಲ್ಲಿ, 'ಮಲ್ಲಿಗೆ, ಒಂದೇ ಮೊಗ್ಗು.' ಮತ್ತೊಂದರಲ್ಲಿ, 'ಕಾಗದ ಬರಲಿಲ್ಲ.' ಆ ಕಾಗದವನ್ನು ಬರೆಯಬೇಕಾಗಿದ್ದವಳು ಆಗ ಹಾಸ್ಟೆಲಿನಲ್ಲಿದ್ದ ನಾನೇ. ಉಳಿದ ಹಾಳೆಗಳೆಲ್ಲ ತಮ್ಮನ ಪಾಠಪುಸ್ತಕಗಳಿಗೆ ಹೊದಿಕೆಯಾಗಿದ್ದುವು. ರಜೆಯಲ್ಲಿ ಕುಳಿತು ಹೊದಿಕೆ ಹಾಕಿದವಳೂ ನಾನೇ.

ಸುಮಾರು ಸಾವಿರ ವರ್ಷಗಳ ಹಿಂದೆ ಜಪಾನಿನ ಅರಮನೆಯಲ್ಲಿ ರಾಣಿ ತೇಶಿಯ ಸೇವೆಯಲ್ಲಿದ್ದ ಸೇ ಶೋನಗೊನ್ ಎಂಬಾಕೆ 'ದಿಂಬಿನ ಪುಸ್ತಕ'ವೆಂದು ಹೆಸರಾದ ಗ್ರಂಥವನ್ನು ಬರೆದಳು. ಅದರಲ್ಲಿ ಎಷ್ಟೋ ಭಾಗ ಬರಿಯ ಪಟ್ಟಿಗಳು: ಮನಸ್ಸಿಗೆ ಹಿಡಿಸಿದುವು, ಸಿಟ್ಟು ಬರಿಸುವುವು ಎಂಬಂತೆ. ಹಾಲಿನ ಲೆಕ್ಕದ ಕೆಳಗೆ ಬರೆದ ನನ್ನ ತಾಯಿಗೆ ಆಕೆಯ ಹೆಸರು ತಿಳಿದಿರಲಿಲ್ಲ.

ಈಗ ನಾನು ಡೈರಿಯನ್ನು ಬಿಟ್ಟು ಹಳೆಯ ಕ್ಯಾಲೆಂಡರನ್ನು ಹಿಡಿದಿದ್ದೇನೆ. ಹಿಂಬದಿ ಖಾಲಿಯಿರುವ ಹಾಳೆಯೊಂದನ್ನು ಮೂರು ಸಲ ಅರ್ಧರ್ಧಕ್ಕೆ ಮಡಿಸಿ ಬಿಡಿಸಿದರೆ ಎಂಟು ಮನೆಗಳು ಮೂಡುತ್ತವೆ, ಉದ್ದಕ್ಕೆ ನಾಲ್ಕು, ಅಗಲಕ್ಕೆ ಎರಡು. ಗಿಡ್ಡ ಅಂಚುಗಳೆರಡೂ ಸೇರುವಂತೆ ಒಮ್ಮೆ ಮಡಿಸಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಒಂದು ಮನೆಯಷ್ಟು ದೂರ ಮಾತ್ರ ಕತ್ತರಿಸಬೇಕು. ಮತ್ತೆ ಬಿಡಿಸಿ, ಖಾಲಿ ಬದಿ ಹೊರಗಿರುವಂತೆ ಉದ್ದುದ್ದಕ್ಕೆ ಮಡಿಸಿ, ಎರಡು ತುದಿಗಳನ್ನೂ ಒಳಕ್ಕೆ ತಳ್ಳಿದರೆ ಸೀಳು ಬಾಯ್ತೆರೆದು ನಾಲ್ಕು ರೆಕ್ಕೆಗಳು ಏಳುತ್ತವೆ. ಅವನ್ನು ಒಂದೇ ಕಡೆಗೆ ಸುತ್ತಿ ಒತ್ತಿದರೆ ಎಂಟು ಪುಟದ ಪುಸ್ತಿಕೆ ಸಿದ್ಧ. ದಾರ ಬೇಡ, ಅಂಟು ಬೇಡ, ತಾರೀಖಂತೂ ಬೇಡವೇ ಬೇಡ.

ಪುಟಕ್ಕೊಂದು ಪ್ರಶ್ನೆ ಸಾಕು. ಬೆಳಿಗ್ಗೆ ಎಬ್ಬಿಸಿದ ಸದ್ದು ಯಾವುದು? ಇಂದು ಬಾರದೆ ಹೋದುದು ಏನು? ಬಿಸಾಡಲು ಮನಸ್ಸಾಗದ ವಸ್ತು ಯಾವುದು? ಉತ್ತರ ಒಂದು ಪದವಾದರೂ ಆದೀತು. ಪದವೂ ಹೊಳೆಯದಿದ್ದರೆ ಬಸ್ಸಿನ ಟಿಕೆಟನ್ನೋ ಲಗ್ನಪತ್ರಿಕೆಯ ಗಣಪತಿಯನ್ನೋ ಅಂಟಿಸಬಹುದು. ಮೈದಾಹಿಟ್ಟಿನ ಸರಿ ತೆಳ್ಳಗಿರಲಿ. ದಪ್ಪನಾದರೆ ಹಾಳೆ ಸುಕ್ಕುಗಟ್ಟುತ್ತದೆ, ಜಿರಲೆಗಳಿಗೂ ಔತಣವಾಗುತ್ತದೆ! ನನ್ನ ಮೊಮ್ಮಗಳು ಒಂದು ಪುಟದಲ್ಲಿ ಬರಿಯ ಬಾಲ ಬರೆದಿದ್ದಳು. ಬೆಕ್ಕೆಲ್ಲಿ ಎಂದು ಕೇಳಿದೆ. "ಹೊರಟುಹೋಯ್ತು ಅಜ್ಜಿ" ಎಂದಳು. ತಿದ್ದುವುದಕ್ಕೆ ನನಗೇನೂ ಉಳಿಯಲಿಲ್ಲ.

ನನ್ನ ಪುಸ್ತಿಕೆಯ ಎರಡನೆಯ ಪ್ರಶ್ನೆಯ ಕೆಳಗೆ ಅಮ್ಮನ ಆ ಚೌಕವನ್ನೇ ಅಂಟಿಸೋಣವೆಂದು ಮೊನ್ನೆ ಕತ್ತರಿ ಹಿಡಿದೆ. ಹಾಳೆಗೆ ಕತ್ತರಿ ಹಾಕಲು ಕೈ ಬರಲಿಲ್ಲ. ಆ ಪುಟ ಇನ್ನೂ ಖಾಲಿಯಾಗಿಯೇ ಇದೆ.