ಕಿಟ್ಟಯ್ಯನ ಕಲ್ಲಿಗೆ ಏನು ಉತ್ತರ?

"ಬೆಂಗಳೂರಲ್ಲಿ ಕನ್ನಡ ಯಾವಾಗಿತ್ರೀ?" ಎಂದು ಹಲ್ಲು ಕಿರಿಯುವವನನ್ನು ಹೆಬ್ಬಾಳಕ್ಕೆ ಕರೆದೊಯ್ಯಿರಿ, ಗೆಳೆಯರೇ! 2018ರಲ್ಲಿ ಚರಂಡಿಗೆ ಅಗೆದಾಗ ಅಲ್ಲಿ ಸಿಕ್ಕಿದ್ದು ಕಿಟ್ಟಯ್ಯನ ವೀರಗಲ್ಲು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಕೆತ್ತಿರುವುದು ಕನ್ನಡ!

1905ರಲ್ಲಿ ರೈಸ್ ಸಾಹೇಬರು (ಇಲ್ಲೇ ಹುಟ್ಟಿದ ಆಂಗ್ಲರು!) ಅಚ್ಚು ಹಾಕಿಸಿದ ಶಾಸನಗಳಲ್ಲಿ ಎಷ್ಟೋ ಕಲ್ಲುಗಳನ್ನು ಲೇಔಟು, ರಸ್ತೆಗಳು ನುಂಗಿ ನೀರು ಕುಡಿದಿವೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ, 1909ರದು, ಹೆಸರಷ್ಟೇ ಇಂಗ್ಲಿಷು, 2021ರಲ್ಲಿ ಕೆಲಸ ಶುರುಮಾಡಿ ಉಳಿದ ಕಲ್ಲುಗಳನ್ನು ಬೀದಿಬೀದಿ ಹುಡುಕಿ ಸ್ಕ್ಯಾನ್ ಮಾಡಿತು. ನವೆಂಬರಿನಲ್ಲಿ ಬಾವುಟ ಹಿಡಿದು ಕೂಗಿದ ನಾವು ಎಲ್ಲಿದ್ದೆವು?

ಈ ಭಾನುವಾರ ನಿಮ್ಮೂರ ಗುಡಿ, ಕೆರೆ ಏರಿ ಸುತ್ತಿ. ಬಟ್ಟೆ ಒಗೆಯುವ ಕಲ್ಲನ್ನೂ ಬಿಡಬೇಡಿ. ಅಕ್ಷರ ಕಂಡರೆ ಸುಣ್ಣ ಬಳಿಯಬೇಡಿ. ಜೆಸಿಬಿ ಬರುವ ಮೊದಲು ಸೊಸೈಟಿಗೆ ತಿಳಿಸಿ.