ಅಂಗಿಯ ಗುರು-ಲಘು



ಛಂದಸ್ಸನ್ನು ಓದಿದವರಿಗೆ ಗುರುವೆಂದರೇನು, ಲಘುವೆಂದರೇನು ಎಂಬುದನ್ನು ನಾವು ವಿವರಿಸಬೇಕಾಗಿಲ್ಲ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಹಾಗೆಂದು ಗುರುವು ಲಘುವಿಗಿಂತ ಮೇಲಾದುದೆಂದು ಶಾಸ್ತ್ರವು ಹೇಳುವುದಿಲ್ಲ. ಯಾವುದು ಎಲ್ಲಿ ಬರಬೇಕೋ ಅಲ್ಲಿ ಬಂದರೇನೇ ಪದ್ಯಕ್ಕೆ ನಡೆ. ಇಷ್ಟು ಸಣ್ಣ ಸಂಗತಿಯನ್ನು ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಬೋಧಿಸಿದ ನಾವು, ಬಟ್ಟೆಯ ಅಂಗಡಿಯಲ್ಲಿ ನಿಂತಾಗ ಅದನ್ನು ಸಂಪೂರ್ಣವಾಗಿ ಮರೆತೆವು. ಅದರ ಫಲವನ್ನು ಉಂಡವರು ಮಾತ್ರ ನಾವಲ್ಲ, ಬೇರೆಯವರು.

ಸಂಗತಿಯು 2023ನೆಯ ಇಸವಿಯ ಏಪ್ರಿಲ್ ತಿಂಗಳಿನದು. ಕರಾವಳಿಯ ನಮ್ಮ ಊರಿನ ರಥೋತ್ಸವದಲ್ಲಿ ಅನ್ನಸಂತರ್ಪಣೆಗೆ ನಿಲ್ಲುವ ನಲವತ್ತು ಮಂದಿ ಯುವಕರಿಗೆ ಒಂದೇ ಬಗೆಯ ಟೀ-ಷರ್ಟುಗಳನ್ನು ಕೊಡಿಸಬೇಕೆಂದು ತೀರ್ಮಾನವಾಯಿತು. ಹಿರಿಯರೆಂಬ ಕಾರಣದಿಂದ ಆರಿಸುವ ಭಾರವು ನಮ್ಮ ಮೇಲೆ ಬಿತ್ತು. ಅಂಗಡಿಯವನು ಮೂರು ಮಾದರಿಗಳನ್ನು ಮುಂದಿಟ್ಟನು. ನಾವು ಒಂದೊಂದನ್ನೂ ಅಂಗೈಯಲ್ಲಿ ತೂಗಿ ನೋಡಿ, ಎಲ್ಲಕ್ಕಿಂತ ಭಾರವಾದುದನ್ನೇ ಎತ್ತಿಕೊಂಡೆವು. ತೂಕವಿದ್ದರೆ ಬಾಳಿಕೆ, ಬಾಳಿಕೆಯಿದ್ದರೆ ಕೊಟ್ಟ ಹಣಕ್ಕೆ ಮೋಸವಿಲ್ಲ ಎಂಬುದು ನಮ್ಮ ತರ್ಕ. ಜೊತೆಗೆ ಬಂದಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು, "ಮೇಷ್ಟ್ರೇ, ಈ ಸೆಕೆಗೆ ಇದು ದಪ್ಪವಾಗಲಿಲ್ಲವೇ?" ಎಂದು ಮೆಲ್ಲನೆ ಕೇಳಿದನು. "ಗುರುವಾದುದಕ್ಕೇ ಗೌರವ, ಅಪ್ಪಾ" ಎಂದು ನಾವು ನಕ್ಕು ಅವನ ಬಾಯಿ ಮುಚ್ಚಿಸಿದೆವು.

ಉತ್ಸವದ ದಿನ ಮಧ್ಯಾಹ್ನ ಒಲೆಗಳ ಸಮೀಪದಲ್ಲಿ ಅನ್ನದ ಹಂಡೆಯನ್ನು ಹೊರುತ್ತಿದ್ದ ಹುಡುಗನೊಬ್ಬನು ತಲೆ ಸುತ್ತಿ ಕುಸಿದನು. ನೆರಳಿಗೆ ಒಯ್ದು ಅಂಗಿಯನ್ನು ಬಿಚ್ಚಿದಾಗ ಅದು ಬಾವಿಯಿಂದ ಎತ್ತಿದ ಬಟ್ಟೆಯಂತೆ ತೊಟ್ಟಿಕ್ಕುತ್ತಿತ್ತು. ದೇವರ ದಯದಿಂದ ಸಂಜೆಯ ಹೊತ್ತಿಗೆ ಅವನು ಚೇತರಿಸಿಕೊಂಡನು. ಬಿಸಿಲು, ಒಲೆಯ ಉರಿ, ಬೆಳಗಿನಿಂದ ಬರಿಹೊಟ್ಟೆ, ಇವೆಲ್ಲವೂ ಕಾರಣಗಳೇ ಸರಿ. ಆದರೆ ನಾವು ಆರಿಸಿದ ಅಂಗಿಯ ಪಾಲೂ ಅದರಲ್ಲಿ ಇದ್ದಿತೆಂಬುದನ್ನು ಅಲ್ಲಗಳೆಯಲಾರೆವು. ಯಾರೂ ನಮ್ಮನ್ನು ದೂರಲಿಲ್ಲ. ಅದೇ ನಮಗೆ ಹೆಚ್ಚು ನೋವನ್ನುಂಟುಮಾಡಿತು.

ಮರುವಾರ ಆ ಹಳೆಯ ವಿದ್ಯಾರ್ಥಿಯನ್ನು ಮನೆಗೆ ಕರೆಸಿಕೊಂಡೆವು. ಅವನು ಕೆಲವು ವರ್ಷ ತಿರುಪ್ಪೂರಿನಲ್ಲಿ ಇದ್ದವನು. ತಮಿಳುನಾಡಿನ ಆ ಪಟ್ಟಣವು ಹೆಣೆದ ಉಡುಪುಗಳಿಗೆ ನಮ್ಮ ದೇಶದಲ್ಲೇ ಮೊದಲನೆಯ ಸ್ಥಾನವೆಂಬುದನ್ನು ವಾಚಕರು ಬಲ್ಲರು. ಅಂದು ನಾವು ಶಿಷ್ಯರಾದೆವು, ಅವನು ಉಪಾಧ್ಯಾಯನಾದನು. ಅವನಿಂದ ಕಲಿತುದನ್ನೂ ಆಮೇಲೆ ಮನೆಯಲ್ಲಿ ಪರೀಕ್ಷಿಸಿ ಕಂಡುಕೊಂಡುದನ್ನೂ ಈ ತಿಂಗಳು ಗೃಹಸ್ಥರ ಮುಂದೆ ಇಡುತ್ತೇವೆ.

ಮೊದಲನೆಯದಾಗಿ, ಟೀ-ಷರ್ಟಿನ ಬಟ್ಟೆಯು ನೇಯ್ದುದಲ್ಲ, ಹೆಣೆದುದು. ಪಂಚೆಯಲ್ಲಿ ಹಾಸು-ಹೊಕ್ಕುಗಳೆಂಬ ಎರಡು ನೂಲುಗಳು ಒಂದನ್ನೊಂದು ಅಡ್ಡಹಾಯುತ್ತವೆ. ಇಲ್ಲಿಯಾದರೋ ನೂಲು ಕುಣಿಕೆ ಕುಣಿಕೆಯಾಗಿ ಒಂದರೊಳಗೊಂದು ಸೇರಿಕೊಂಡಿರುವುದು. ಆದುದರಿಂದಲೇ ಅದು ಎಳೆದರೆ ಹಿಗ್ಗುವುದು, ಬಿಟ್ಟರೆ ಕುಗ್ಗುವುದು. ಇಂತಹ ಬಟ್ಟೆಯ ಭಾರವನ್ನು ಜಿ.ಎಸ್.ಎಂ. ಎಂಬ ಅಳತೆಯಿಂದ ಹೇಳುವ ವಾಡಿಕೆಯುಂಟು. ಒಂದು ಮೀಟರು ಉದ್ದ, ಒಂದು ಮೀಟರು ಅಗಲದ ಬಟ್ಟೆಯು ಎಷ್ಟು ಗ್ರಾಂ ತೂಗುವುದೋ ಅದೇ ಆ ಸಂಖ್ಯೆ. 150ಕ್ಕಿಂತ ಕೆಳಗಿನದು ಲಘು. 150ರಿಂದ 180ರ ವರೆಗಿನದು ಮಧ್ಯಮ. 180ಕ್ಕೆ ಮೇಲ್ಪಟ್ಟುದು ಗುರು. 220ನ್ನು ದಾಟಿದುದು ಬಹುಗುರು. ನಾವು ಆ ನಲವತ್ತು ಮಂದಿಯ ಮೈಮೇಲೆ ಹೇರಿದುದು 240ರ ಬಟ್ಟೆ.

ಭಾರವಾದ ಹತ್ತಿಯ ಬಟ್ಟೆಯು ಸೆಕೆಯಲ್ಲಿ ಏಕೆ ಬಾಧಿಸುವುದು? ಬೆವರು ಆರುವಾಗ ಮೈಯ ಕಾವನ್ನು ತೆಗೆದುಕೊಂಡು ಹೋಗುವುದು. ಇದೇ ದೇಹವು ತಣ್ಣಗಾಗುವ ಕ್ರಮ. ಹತ್ತಿಯು ಬೆವರನ್ನು ಚೆನ್ನಾಗಿ ಹೀರುತ್ತದೆ, ಆದರೆ ಹೀರಿದುದನ್ನು ಬೇಗನೆ ಬಿಡುವುದಿಲ್ಲ. ಬಟ್ಟೆಯು ದಪ್ಪವಾದಷ್ಟೂ ಹಿಡಿದಿಡುವ ನೀರು ಹೆಚ್ಚು, ಆರುವ ಹೊತ್ತು ಹೆಚ್ಚು, ಒಳಹೊರಗೆ ಆಡುವ ಗಾಳಿ ಕಡಿಮೆ. ಕರಾವಳಿಯಲ್ಲಂತೂ ಗಾಳಿಯೇ ತೇವದಿಂದ ತುಂಬಿರುವುದರಿಂದ ಬೆವರು ಆರುವುದೇ ನಿಧಾನ. ಅದರ ಮೇಲೆ ದಪ್ಪ ಬಟ್ಟೆಯೂ ಸೇರಿದರೆ ಹೊರೆಯ ಮೇಲೆ ಹೊರೆ.

ಹಾಗಾದರೆ ತೀರ ತೆಳುವಾದುದೇ ಉತ್ತಮವೇ? ಅದೂ ಅಲ್ಲ. ಈ ಉಡುಪು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ನೌಕಾಸೈನಿಕರ ಒಳಅಂಗಿಯಾಗಿದ್ದು, ಕ್ರಮೇಣ ಹೊರಅಂಗಿಯಾಯಿತು. ಒಳಅಂಗಿಯು ಬೆವರನ್ನು ಹೀರಿದರೆ ಸಾಕು. ಹೊರಅಂಗಿಯು ಮಾನವನ್ನೂ ಕಾಯಬೇಕು. 130ರ ಬಿಳಿಯ ಬಟ್ಟೆಯ ಮೂಲಕ ಒಳಗಿನ ಬನಿಯನ್ನು ಎದ್ದು ಕಾಣುವುದು; ನಮ್ಮಂತಹ ಹೊಟ್ಟೆಯುಳ್ಳವರಿಗೆ ಅದು ಮೈಗೆ ಅಂಟಿಕೊಂಡು ಅಂದಗೆಡುವುದು; ನಿತ್ಯವೂ ಒಗೆಯುವ ಮನೆಯಲ್ಲಿ ಬೇಗನೆ ಜಾಳಾಗುವುದು. ಗುರುವಿಗೆ ಒಂದು ದೋಷವಿದ್ದರೆ ಲಘುವಿಗೆ ಇನ್ನೊಂದು.

ಆದಕಾರಣ ಉಡುವವನನ್ನೂ ಅವನ ಊರನ್ನೂ ಕೆಲಸವನ್ನೂ ನೋಡಿ ಆರಿಸತಕ್ಕದ್ದು. ಮಂಗಳೂರು, ಕಾರವಾರಗಳಂತಹ ಊರುಗಳಿಗೆ 140ರಿಂದ 160 ಸಾಕು. ರಾಯಚೂರು, ಕಲಬುರಗಿಗಳ ಬೇಸಗೆಗೂ ಇಷ್ಟೇ ಸರಿ. ಆದರೆ ಬಿಸಿಲಿನಲ್ಲಿ ನಡೆಯುವವರು ಅಂಗಿಯನ್ನು ತುಸು ಸಡಿಲವಾಗಿಯೂ ತಿಳಿಬಣ್ಣದ್ದಾಗಿಯೂ ಆರಿಸಲಿ. ಬೆಂಗಳೂರು, ಮೈಸೂರುಗಳ ಹದವಾದ ಹವೆಗೆ 160ರಿಂದ 180 ವರ್ಷವೆಲ್ಲ ನಡೆಯುವುದು. ಮಡಿಕೇರಿಯ ಚಳಿಗಾಲಕ್ಕೆ 200ರಿಂದ 240ರ ಬಟ್ಟೆ ನಿಜಕ್ಕೂ ಹಿತವಾದುದು. ಮೇಲಂಗಿಯ ಒಳಗೆ ತೊಡುವುದಾದರೆ 120ರಿಂದ 140. ಯಂತ್ರಗಳ ನಡುವೆ ದುಡಿದು ದಿನಂಪ್ರತಿ ಒಗೆಸುವವರಿಗೆ 180. ಕಸೂತಿ ಹಾಕಿಸುವುದಾದರೂ ಅಷ್ಟೇ. ತೆಳು ಬಟ್ಟೆಯು ಹೊಲಿಗೆಯ ಸುತ್ತ ನೆರಿಗೆಗಟ್ಟುವುದು.

ತೂಕವೊಂದನ್ನೇ ನಂಬುವುದೂ ತಪ್ಪು. ದಪ್ಪ ನೂಲನ್ನು ಸಡಿಲವಾಗಿ ಹೆಣೆದರೂ, ಸಣ್ಣ ನೂಲನ್ನು ಒತ್ತಾಗಿ ಹೆಣೆದರೂ ತೂಕ ಒಂದೇ ಬರಬಹುದು, ಗುಣ ಬೇರೆ. ನೂಲಿಗೆ ನಂಬರೆಂಬ ಅಳತೆಯುಂಟು. 840 ಗಜದ ಲಡಿಗಳು ಒಂದು ಪೌಂಡಿಗೆ ಎಷ್ಟು ತೂಗುವವೋ ಅಷ್ಟು ನಂಬರು. 30ನೆಯ ನಂಬರಿನ ನೂಲಾದರೆ ಒಂದು ಪೌಂಡಿನಲ್ಲಿ 25,200 ಗಜ. ಅಂದರೆ ಸಂಖ್ಯೆ ಹಿರಿದಾದಂತೆ ನೂಲು ಕಿರಿದು. ಸಣ್ಣ ನೂಲಿಗೆ ಉದ್ದನೆಯ ಎಳೆಯ ಹತ್ತಿಯೇ ಬೇಕು. ಅಂತಹ ವರಲಕ್ಷ್ಮೀ ಎಂಬ ಸಂಕರ ತಳಿಯು 1972ರಲ್ಲಿ ನಮ್ಮ ಧಾರವಾಡದಿಂದಲೇ ಹೊರಬಂದುದೆಂಬುದನ್ನು ಅಭಿಮಾನದಿಂದ ನೆನೆಯಬಹುದು. ಬಾಚಿದ ಹತ್ತಿಯ ನೂಲಾದರೆ ಗಿಡ್ಡ ಎಳೆಗಳು ಹೋಗಿರುವುದರಿಂದ ಮೇಲ್ಮೈ ನುಣುಪಾಗಿದ್ದು ಜುಂಗೇಳುವುದು ಕಡಿಮೆ. ಬಾಚಿದ ನೂಲಿನ 160ರ ಅಂಗಿಯು ಬಾಚದ ನೂಲಿನ 200ರ ಅಂಗಿಗಿಂತ ಹೆಚ್ಚು ಕಾಲ ಅಂದವಾಗಿ ಉಳಿದುದನ್ನು ನಮ್ಮ ಮನೆಯಲ್ಲಿಯೇ ಕಂಡಿದ್ದೇವೆ.

ಅಂಗಿಯ ಮೇಲೆ ಸಂಖ್ಯೆಯನ್ನು ಅಚ್ಚು ಹಾಕಿಲ್ಲದಿದ್ದರೆ ಏನು ಮಾಡುವುದು? ಮನೆಯಲ್ಲಿಯೇ ಲೆಕ್ಕಮಾಡಬಹುದು. ಅಡಿಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯೂ ಒಂದು ಟೇಪೂ ಸಾಕು. ಅಂಗಿಯನ್ನು ಮೇಜಿನ ಮೇಲೆ ಹರವಿ ಅಳೆಯಿರಿ. ಅಗಲ 50 ಸೆಂಟಿಮೀಟರು, ಉದ್ದ 70 ಎಂದಿಟ್ಟುಕೊಳ್ಳೋಣ. ಒಂದು ಮೈಗೆ 3,500 ಚದರ ಸೆಂಟಿಮೀಟರು, ಎರಡು ಮೈಗೆ 7,000. ತೋಳು ಮಡಿಸಿದಂತೆ 20ಕ್ಕೆ 20 ಇದ್ದರೆ ಎರಡು ಪದರಕ್ಕೆ 800. ಎರಡು ತೋಳುಗಳಿಗೆ 1,600. ಒಟ್ಟು 8,600, ಅಂದರೆ 0.86 ಚದರ ಮೀಟರು. ತಕ್ಕಡಿಯು 155 ಗ್ರಾಂ ತೋರಿಸಿದರೆ, 155ನ್ನು 0.86ರಿಂದ ಭಾಗಿಸಿ, ಬರುವುದು ಸುಮಾರು 180. ಕತ್ತಿನ ತೆರಪು ಸ್ವಲ್ಪ ಕಳೆಯುವುದು, ಪಟ್ಟಿ-ಹೊಲಿಗೆಗಳು ಸ್ವಲ್ಪ ಕೂಡುವುವು. ಗೃಹಕೃತ್ಯಕ್ಕೆ ಇಷ್ಟು ನಿಖರತೆ ಧಾರಾಳವಾಯಿತು. ಅಂಗಿಯು ಚೆನ್ನಾಗಿ ಒಣಗಿರಲಿ, ಏಕೆಂದರೆ ಹತ್ತಿಯು ಮಳೆಗಾಲದ ಗಾಳಿಯಿಂದಲೂ ತೇವವನ್ನು ಸೆಳೆದುಕೊಳ್ಳುವುದು. ಮನೆಯ ಮಕ್ಕಳಿಂದಲೇ ಈ ಲೆಕ್ಕವನ್ನು ಮಾಡಿಸಿದರೆ ಕ್ಷೇತ್ರಗಣಿತವೂ ಆದೀತು.

ಇನ್ನೊಂದು ಎಚ್ಚರಿಕೆ. ಮೊದಲ ಒಗೆತಗಳಲ್ಲಿ ಹತ್ತಿಯ ಹೆಣಿಗೆಯು ಕುಗ್ಗುವುದುಂಟು. ಉದ್ದಗಲಗಳೆರಡರಲ್ಲಿಯೂ ನೂರಕ್ಕೆ 5ರಂತೆ ಕುಗ್ಗಿದರೆ 180ರ ಬಟ್ಟೆಯು ಸುಮಾರು 200 ಆಗಿಬಿಡುವುದು. ತೂಕ ಅದೇ, ಹರಹು ಕಡಿಮೆ. ಆದುದರಿಂದ ಮೊದಲೇ ಕುಗ್ಗಿಸಿದ ಬಟ್ಟೆಯೇ ಎಂಬುದನ್ನು ಕೇಳಿ ಕೊಳ್ಳಿರಿ; ಅಲ್ಲವಾದರೆ ಕೊಂಚ ದೊಡ್ಡದನ್ನೂ ಕೊಂಚ ಹಗುರವಾದುದನ್ನೂ ಆರಿಸಿರಿ.

2024ರ ರಥೋತ್ಸವಕ್ಕೆ ಅಂಗಿಗಳನ್ನು ಆರಿಸಿದವನು ಆ ಹಳೆಯ ವಿದ್ಯಾರ್ಥಿ. 150ರ, ಬಾಚಿದ ನೂಲಿನ, ತಿಳಿಹಳದಿಯ ಅಂಗಿಗಳು. ಹಿಂದಿನ ವರ್ಷ ಕುಸಿದಿದ್ದ ಹುಡುಗನು ಅದನ್ನು ತೊಟ್ಟು ಸಂಜೆಯ ವರೆಗೂ ಬಡಿಸಿದನು. ನಮ್ಮ ಎಲೆಗೆ ಅನ್ನವಿಕ್ಕುವಾಗ, "ಈ ಸಲ ಹಗುರವಾಗಿದೆ, ಮೇಷ್ಟ್ರೇ" ಎಂದನು. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ನಾವು ತಲೆ ತಗ್ಗಿಸಿ ಉಂಡೆವು.

ಮುಂದಿನ ಸಲ ಅಂಗಡಿಗೆ ಹೋದಾಗ, ವಾಚಕರೇ, ಅಂಗಿಯನ್ನು ಅಂಗೈಯಲ್ಲಿ ತೂಗುವ ಮುನ್ನ ಅದನ್ನು ತೊಡತಕ್ಕವನನ್ನು ಒಂದು ಮಾತು ಕೇಳಿರಿ. ಅವನು "ದಪ್ಪವಾಯಿತಲ್ಲವೇ?" ಎಂದರೆ, ನಮ್ಮಂತೆ ನಕ್ಕು ಬಾಯಿ ಮುಚ್ಚಿಸಬೇಡಿರಿ.