ಎದೆಹಾಲು ಬಿಡಿಸಬೇಡಿ, ತಾಯಿಯ ತಟ್ಟೆಯನ್ನು ನೋಡಿ

ಎರಡು ತಿಂಗಳ ಕೂಸನ್ನು ಎತ್ತಿಕೊಂಡು ಯಲಬುರ್ಗಾ ತಾಲೂಕಿನ ಹಳ್ಳಿಯೊಂದರಿಂದ ಅತ್ತೆ ಸೊಸೆ ಇಬ್ಬರೂ ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಕೂಸಿಗೆ ತಾಯಿಯ ಹಾಲಲ್ಲದೆ ಬೇರೇನನ್ನೂ ಕೊಟ್ಟಿರಲಿಲ್ಲ. ಜ್ವರವಿರಲಿಲ್ಲ, ತೂಕವೂ ಏರುತ್ತಿತ್ತು. ಆದರೆ ಹತ್ತು ದಿನಗಳಿಂದ ಮಲದಲ್ಲಿ ಲೋಳೆಯೂ ನಡುನಡುವೆ ರಕ್ತದ ಎಳೆಗಳೂ ಕಾಣುತ್ತಿದ್ದವು. ಎದೆಹಾಲು ಕೆಟ್ಟಿದೆ, ಬಿಡಿಸಿ ಎಮ್ಮೆಯ ಹಾಲು ಹಾಕಿರೆಂದು ಊರಿನಲ್ಲಿ ಒಬ್ಬರು ಹೇಳಿದ್ದರು. ಹೊಟ್ಟೆಗೆ ಬರೆ ಹಾಕಿಸಿರೆಂದು ಮತ್ತೊಬ್ಬರು ಹೇಳಿದ್ದರು. ತನ್ನ ಹಾಲೇ ಕೂಸಿಗೆ ವಿಷವಾಯಿತೆಂಬ ಅಳಲಿನಲ್ಲಿ ಆ ತಾಯಿ ತಲೆಯನ್ನೇ ಎತ್ತಲಿಲ್ಲ.

ಇಂಥ ಕೂಸುಗಳಲ್ಲಿ ಕೆಲವಕ್ಕೆ ಇರುವುದು ಹಸುವಿನ ಹಾಲಿನ ಪ್ರೋಟೀನು ಒಗ್ಗದ ತೊಂದರೆ. ತಾಯಿ ಸೇವಿಸಿದ ಹಾಲು, ಮೊಸರುಗಳಲ್ಲಿರುವ ಪ್ರೋಟೀನಿನ ಅತ್ಯಲ್ಪ ಅಂಶವು ಆಕೆಯ ರಕ್ತವನ್ನು ಸೇರಿ ಎದೆಹಾಲಿಗೂ ಇಳಿಯುತ್ತದೆ. ಬಹುಪಾಲು ಕೂಸುಗಳು ಅದನ್ನು ಸಹಿಸುತ್ತವೆ. ಬೆರಳೆಣಿಕೆಯ ಕೂಸುಗಳ ಕರುಳು ಅದನ್ನು ಪರಕೀಯವೆಂದು ಭಾವಿಸಿ ಕೆರಳುತ್ತದೆ. ದೋಷವಿರುವುದು ಎದೆಹಾಲಿನಲ್ಲಲ್ಲ, ಅದರ ಮೂಲಕ ಹಾದುಬಂದ ಪರಕೀಯ ಅಂಶದಲ್ಲಿ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದಿರುವುದು ಬೇರೆಯೇ ತೊಂದರೆ. ಎರಡನ್ನೂ ಒಂದೆಂದು ತಿಳಿಯಬಾರದು.

ಈ ವಿಷಯವನ್ನು ಬರೆಯಲು ನಮಗೊಂದು ಋಣವೂ ಇದೆ. ವೃತ್ತಿಯ ಆರಂಭದ ವರ್ಷಗಳಲ್ಲಿ ಕುಷ್ಟಗಿ ಕಡೆಯ ಇಂಥದೇ ಕೂಸಿಗೆ ನಾವು ಗ್ರಹಣಿಯ ಔಷಧ ಕೊಟ್ಟೆವು. ತಾಯಿಗೆ ಶತಾವರಿಯನ್ನು ಎರಡು ಹೊತ್ತು ಹಾಲಿನಲ್ಲಿ ಕುಡಿಯಲು ಹೇಳಿದೆವು. ರಕ್ತ ಹೆಚ್ಚಾಯಿತು. ಆಗ ಎದೆಹಾಲು ನಿಲ್ಲಿಸಿ ಆಡಿನ ಹಾಲು ಹಾಕಿಸಿದೆವು, ಕೂಸು ಸೊರಗಿತು. ಕೊನೆಗೆ ನಗರದ ಮಕ್ಕಳ ವೈದ್ಯರೊಬ್ಬರು ಎದೆಹಾಲನ್ನು ಮರಳಿ ಆರಂಭಿಸಿ, ತಾಯಿಯ ಹಾಲುಮೊಸರನ್ನು ಬಿಡಿಸಿ ಅದನ್ನು ಉಳಿಸಿದರು. ಹಸು, ಎಮ್ಮೆ, ಆಡುಗಳ ಹಾಲಿನ ಪ್ರೋಟೀನುಗಳು ಒಂದನ್ನೊಂದು ಬಹುವಾಗಿ ಹೋಲುತ್ತವೆ. ಒಂದು ಒಗ್ಗದ ಕೂಸಿಗೆ ಉಳಿದವೂ ಸಾಮಾನ್ಯವಾಗಿ ಒಗ್ಗುವುದಿಲ್ಲ. ಇದನ್ನು ಅರಿಯದೆ ನಾವು ಕೂಸಿನ ಆಹಾರವನ್ನು ಕಸಿದು, ಅದಕ್ಕೆ ಒಗ್ಗದ್ದನ್ನೇ ನೇರವಾಗಿ ಕುಡಿಸಿದ್ದೆವು.

ನಮ್ಮ ಶಾಸ್ತ್ರವನ್ನು ಸರಿಯಾಗಿ ಓದಿದ್ದರೆ ಆ ತಪ್ಪು ಆಗುತ್ತಿರಲಿಲ್ಲ. ಕೇವಲ ಹಾಲು ಕುಡಿಯುವ ಕೂಸನ್ನು ಆಯುರ್ವೇದವು ಕ್ಷೀರಪ ಎಂದು ಕರೆದು, ಅದರ ಚಿಕಿತ್ಸೆಯಲ್ಲಿ ಹಾಲೂಡುವವಳ ಪಥ್ಯಕ್ಕೆ ಮಹತ್ವ ಕೊಡುತ್ತದೆ. ಚರಕಸಂಹಿತೆಯು ಎಂಟು ಬಗೆಯ ಸ್ತನ್ಯದೋಷಗಳನ್ನು ಹೇಳಿ, ಚಿಕಿತ್ಸೆಯನ್ನು ಹಾಲೂಡುವವಳಿಗೇ ವಿಧಿಸುತ್ತದೆ. ಪ್ರೋಟೀನಿನ ಅಲರ್ಜಿಯನ್ನು ನಮ್ಮ ಆಚಾರ್ಯರು ಅಂದೇ ಕಂಡಿದ್ದರೆಂದು ನಾವು ಹೇಳುವುದಿಲ್ಲ, ಅದು ಉತ್ಪ್ರೇಕ್ಷೆಯಾದೀತು. ಆದರೆ ಅವರು ತೋರಿದ ದಿಕ್ಕು ಸರಿ: ಕೂಸಿನ ಬಾಯಿಗೆ ಔಷಧ ಹಾಕುವ ಮೊದಲು ತಾಯಿಯ ತಟ್ಟೆಯನ್ನು ನೋಡಬೇಕು.

ಪಥ್ಯದ ಕ್ರಮ ಹೀಗಿದೆ. ಮೊದಲು ಮಕ್ಕಳ ತಜ್ಞರಿಗೆ ತೋರಿಸಬೇಕು. ಗುದದ ಬಿರುಕು, ಕರುಳಿನ ಸೋಂಕು, ತಾಯಿಯ ಒಡೆದ ಮೊಲೆತೊಟ್ಟಿನ ರಕ್ತವನ್ನು ಕೂಸು ನುಂಗಿರುವುದು ಮುಂತಾಗಿ ರಕ್ತ ಕಾಣಲು ಬೇರೆ ಕಾರಣಗಳೂ ಇವೆ. ಅವು ಅಲ್ಲವೆಂದಾದ ಮೇಲೆ ತಾಯಿಯು ಎರಡರಿಂದ ನಾಲ್ಕು ವಾರ ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ಪನೀರು, ಪೇಡೆ, ಹಾಲು ಹಾಕಿದ ಚಹಾ, ಹಾಲಿನ ಪುಡಿ ಸೇರಿದ ಬಿಸ್ಕತ್ತು ಇವೆಲ್ಲವನ್ನೂ ಪೂರ್ಣವಾಗಿ ಬಿಡಬೇಕು. ತುಪ್ಪದಲ್ಲಿಯೂ ಪ್ರೋಟೀನಿನ ಲೇಶ ಉಳಿದಿರಬಹುದಾದ್ದರಿಂದ ಈ ಅವಧಿಗೆ ಅದೂ ಬೇಡ. ಶತಾವರಿ ಬೇಕೆನಿಸಿದರೆ ವೈದ್ಯರನ್ನು ಕೇಳಿ ಬಿಸಿನೀರಿನಲ್ಲಿ ತೆಗೆದುಕೊಳ್ಳಬಹುದು. ಎದೆಹಾಲನ್ನು ಒಂದು ಹೊತ್ತೂ ನಿಲ್ಲಿಸಬಾರದು.

ರಕ್ತ ನಿಂತರೆ ಕೆಲಸ ಅರ್ಧವಾಯಿತು. ಉಳಿದ ಅರ್ಧವನ್ನು ಬಹಳ ಜನ ಮಾಡುವುದೇ ಇಲ್ಲ. ವೈದ್ಯರ ಗಮನದಲ್ಲಿ ತಾಯಿ ಮತ್ತೆ ಹಾಲುಮೊಸರು ಸೇವಿಸಿ ನೋಡಬೇಕು. ತೊಂದರೆ ಮರುಕಳಿಸಿದರೆ ಕಾರಣ ಅದೇ ಎಂದು ನಿಶ್ಚಯವಾಗುತ್ತದೆ. ಮರುಕಳಿಸದಿದ್ದರೆ ತಾಯಿಯ ಪಥ್ಯ ಅಲ್ಲಿಗೇ ಮುಗಿಯಬೇಕು. ಈ ಬಗೆಯ ತೊಂದರೆಯನ್ನು ರಕ್ತಪರೀಕ್ಷೆಯಿಂದ ನಿಶ್ಚಯಿಸಲಾಗದು. ಯಲಬುರ್ಗಾದ ಕೂಸಿನಲ್ಲಿ ಎರಡನೆಯ ವಾರಕ್ಕೆ ರಕ್ತ ನಿಂತಿತು. ತಾಯಿ ಮೊಸರು ಉಂಡ ಮೂರನೆಯ ದಿನ ಮತ್ತೆ ಕಂಡಿತು.

‘ಹಾಲು ತುಪ್ಪ ಬಿಟ್ಟರ ಬಾಣಂತಿಗೆ ಶಕ್ತಿ ಎಲ್ಲಿಂದ ಬರ್ತೈತ್ರಿ?’ ಎಂದು ಆ ಅತ್ತೆ ಕೇಳಿದರು. ಇದು ಯೋಗ್ಯವಾದ ಪ್ರಶ್ನೆ. ಹಾಲೂಡಿಸುವ ತಾಯಿಗೆ ದಿನಕ್ಕೆ 1200 ಮಿಲಿಗ್ರಾಂ ಸುಣ್ಣದಂಶ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿ ಮಾಡಿದೆ. ನಮ್ಮ ಜೋಳದ ರೊಟ್ಟಿಯಲ್ಲಿ ಅದು ತೀರ ಕಡಿಮೆ. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಎಳ್ಳಿನಲ್ಲಿ ಸಾವಿರಕ್ಕೂ ಮಿಕ್ಕಿ ಇದೆ. ಗಂಗಾವತಿಯ ನೀರಾವರಿ ಹಳ್ಳಿಗಳಲ್ಲಿ ಬರಿಯ ಅನ್ನ ಸಾರಿನಲ್ಲಿ ಬಾಣಂತನ ಕಳೆಯುವವರಿಗೂ ರಾಗಿ ಅಂಬಲಿ, ಎಳ್ಳಿನ ಚಟ್ನಿ, ನುಗ್ಗೆಸೊಪ್ಪು, ರಾಜಗಿರಿ, ಹುರುಳಿ, ಶೇಂಗಾ ದೊರೆಯದ ವಸ್ತುಗಳಲ್ಲ. ಅಂಟಿನುಂಡಿಯನ್ನು ತುಪ್ಪದ ಬದಲು ಶೇಂಗಾ ಎಣ್ಣೆಯಲ್ಲಿಯೂ ಕಟ್ಟಬಹುದು. ಹೆರಿಗೆಯ ನಂತರ ಆರು ತಿಂಗಳು ಸರಕಾರವು ಕೊಡುವ ಸುಣ್ಣದಂಶದ ಮಾತ್ರೆಯನ್ನು ಬಿಡದೆ ನುಂಗಬೇಕು. ಕಬ್ಬಿಣಾಂಶದ ಮಾತ್ರೆಯ ಜೊತೆಗಲ್ಲ, ಬೇರೆ ಹೊತ್ತಿನಲ್ಲಿ. ಅಂಗನವಾಡಿಯ ಮಾತೃಪೂರ್ಣ ಊಟದಲ್ಲಿ ಹಾಲನ್ನು ಬಿಟ್ಟು ಉಳಿದದ್ದನ್ನು ಪಡೆಯಬಹುದು.

ಸಸ್ಯಾಹಾರಿಗಳಾದ ನಮ್ಮ ಮನೆಗಳಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಜೀವಸತ್ತ್ವ ಬಿ-12 ನಮಗೆ ಬಹುತೇಕ ಹಾಲುಮೊಸರಿನಿಂದಲೇ ದೊರೆಯುತ್ತದೆ. ಅವನ್ನು ತಿಂಗಳುಗಟ್ಟಲೆ ಬಿಟ್ಟ ತಾಯಿಯ ಎದೆಹಾಲಿನಲ್ಲಿಯೂ ಅದು ಕುಂದುತ್ತದೆ. ಆಗ ಕೂಸಿನ ರಕ್ತ, ನರ, ಬುದ್ಧಿಯ ಬೆಳವಣಿಗೆಗೆ ಧಕ್ಕೆಯಾದೀತು. ಆದ್ದರಿಂದ ಪಥ್ಯ ಮುಂದುವರಿಯುವ ತಾಯಿಯು ವೈದ್ಯರ ಸಲಹೆಯಂತೆ ಬಿ-12 ಮಾತ್ರೆಯನ್ನು ತೆಗೆದುಕೊಳ್ಳಲೇಬೇಕು. ಸೊಪ್ಪು, ಕಷಾಯಗಳಿಂದ ಆ ಕೊರತೆ ತುಂಬದೆಂಬುದನ್ನು ನಮ್ಮ ಆಯುರ್ವೇದ ಬಂಧುಗಳೂ ಒಪ್ಪಬೇಕು.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ತಪ್ಪನ್ನೂ ಹೇಳಬೇಕು. ಅಳುವ, ಹಾಲು ಕಕ್ಕುವ, ದಿನಕ್ಕೆ ಐದಾರು ಬಾರಿ ಮಲ ಮಾಡುವ ಕೂಸುಗಳೆಲ್ಲ ರೋಗಿಗಳಲ್ಲ. ತಾಯಿಯ ಹಾಲನ್ನಷ್ಟೇ ಕುಡಿಯುವ ನೂರು ಕೂಸುಗಳಲ್ಲಿ ಈ ತೊಂದರೆ ಒಂದಕ್ಕೆ ಕಂಡರೂ ಹೆಚ್ಚೇ. ಬರಿಯ ಅಳುವಿಗೆ ಹೆದರಿ ಬಾಣಂತಿಯ ಹಾಲು, ಬೇಳೆ, ಕಾಯಿಪಲ್ಲೆಗಳನ್ನು ಒಂದೊಂದಾಗಿ ಕಿತ್ತುಕೊಳ್ಳುವುದು ಪಥ್ಯವಲ್ಲ, ಶಿಕ್ಷೆ.

ತೊಂದರೆ ನಿಶ್ಚಯವಾದ ಕೂಸಿಗೆ ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ, ಹೆಸರುಬೇಳೆ, ಬಾಳೆಹಣ್ಣು ಕೊಡುವಾಗಲೂ ಅದರಲ್ಲಿ ಹಾಲು ಬೆರೆಸಬಾರದು. ವರ್ಷದ ಆಸುಪಾಸಿನಲ್ಲಿ ವೈದ್ಯರು ಹೇಳಿದಂತೆ ಹಾಲನ್ನು ಮತ್ತೆ ಪರೀಕ್ಷಿಸಬೇಕು. ಬಹುಪಾಲು ಮಕ್ಕಳಿಗೆ ಮುಂದೆ ಹಾಲು ಒಗ್ಗುತ್ತದೆ. ಆದರೆ ರಕ್ತ ಹೆಚ್ಚು ಹೋದರೆ, ಕೂಸು ಮಂಕಾಗಿ ಹಾಲು ಬಿಟ್ಟರೆ, ಜ್ವರ ಬಂದರೆ, ಹಸಿರು ವಾಂತಿಯಾದರೆ, ಹೊಟ್ಟೆ ಉಬ್ಬಿದರೆ, ಮುಖ ಊದಿ ಉಸಿರು ಕಟ್ಟಿದರೆ ಪಥ್ಯಕ್ಕೂ ನಮ್ಮಂಥವರ ಔಷಧಕ್ಕೂ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು. ಬರೆ ಹಾಕುವುದು ಚಿಕಿತ್ಸೆಯಲ್ಲ; ಅದು ಕೂಸಿಗೆ ಕೊಡುವ ಎರಡನೆಯ ರೋಗ.

ಶ್ರೀಮಠದ ಭಕ್ತರಲ್ಲಿ ಒಂದು ಅರಿಕೆ. ಗವಿಮಠದ ಜಾತ್ರೆಯ ದಾಸೋಹವಿರಲಿ, ಮನೆಯ ಪೂಜೆಯಿರಲಿ, ಹಾಲಿನ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಡುವ ಬಾಣಂತಿಯನ್ನು ಯಾರೂ ಆಡಿಕೊಳ್ಳಬಾರದು. ಕೂಸಿಗಾಗಿ ಬಾಯಿ ಕಟ್ಟಿದವಳ ಭಕ್ತಿ ಕಡಿಮೆಯದಲ್ಲ. ಯಲಬುರ್ಗಾದ ಆ ಅತ್ತೆ ಮುಂದಿನ ಭೇಟಿಗೆ ಬಂದಾಗ ತಾವೂ ಸೊಸೆಯೊಡನೆ ಕರಿಚಹಾ ಕುಡಿಯುತ್ತಿರುವುದಾಗಿ ಹೇಳಿದರು. ಸೊಸೆ ಅಂದು ತಲೆ ಎತ್ತಿ ಮಾತನಾಡಿದಳು. ಆ ಕೂಸಿಗೆ ನಾವು ಒಂದು ಹನಿ ಔಷಧವನ್ನೂ ಕೊಟ್ಟಿರಲಿಲ್ಲ.